ಮಕ್ಕಳಿಗೆ ಡೈರಿ ಓದಿಸು ಮಾರಾಯ

ಪ್ರೀತಿಯ ಗೆಳೆಯಾ,

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸೋಣ ಅಂತ ನೀವಿಬ್ಬರೂ ತೀರ್ಮಾನ ಮಾಡಿದ್ದು ಕೇಳಿ ತುಂಬಾ ಖುಷಿಯಾಯಿತು. ಗಣಿತ, ವಿಜ್ಞಾನದ ಬಗ್ಗೆ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಕೇಳಿದ್ದು ಓದಿನ ಬಗ್ಗೆ. ಮನೆ ತುಂಬ ಕಥೆ ಪುಸ್ತಕ ಇದೆ, ಆದರೆ ಒಂದಕ್ಕೊಂದು ಸಂಬಂಧ ಇಲ್ಲ, ಎಲ್ಲಿಂದ ಹಿಡಿಯೋದು ಅಂತ ಕೇಳಿದೆ. ನನ್ನ ಉತ್ತರ ಇಷ್ಟೇ: ಕೆಲವು ತಿಂಗಳು ಡೈರಿಗಳನ್ನೇ ಓದಿಸು. ಬೇರೆಯವರು ಬರೆದಿಟ್ಟ ಡೈರಿಗಳು. ನಮ್ಮ ಮನೆಯಲ್ಲಿ ಹೋದ ಮಳೆಗಾಲದಿಂದ ಇದೇ ನಡೆಯುತ್ತಿದೆ. ನನ್ನ ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ನಿನ್ನ ಮಕ್ಕಳೂ ಹೆಚ್ಚು ಕಡಿಮೆ ಅದೇ ವಯಸ್ಸು. ಹಾಗಾಗಿ ನಮಗೆ ಹಿಡಿಸಿದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದು.

ಯಾಕೆ ಡೈರಿ ಅಂತೀಯಾ? ಡೈರಿ ಬರೆಯುವವರಿಗೆ ನಾಳೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ. ಅದೇ ಕಾರಣ. ಇತಿಹಾಸದ ಪಾಠ ಬರೆದವರಿಗೆ ಎಲ್ಲ ಗೊತ್ತು. ಯುದ್ಧ ಯಾರು ಗೆದ್ದರು, ಯಾವ ಊರು ಉಳಿಯಿತು, ಕೊನೆಗೆ ಏನಾಯಿತು, ಎಲ್ಲ ಮುಗಿದ ಮೇಲೆ ಕೂತು ಬರೆದದ್ದು ಅದು. ಆತ್ಮಕಥೆಯೂ ಹಾಗೇ. ಬರೆಯುವವರಿಗೆ ವಯಸ್ಸಾಗಿರುತ್ತದೆ, ಯಾವುದು ಮುಖ್ಯ ಯಾವುದು ಅಲ್ಲ ಅಂತ ಆರಿಸಿಕೊಂಡಿರುತ್ತಾರೆ. ಡೈರಿಯಲ್ಲಿ ಆ ಅನುಕೂಲ ಇಲ್ಲ. ಆ ಸಂಜೆ ಆ ಮನುಷ್ಯನಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಅಲ್ಲಿರುತ್ತದೆ. ತಪ್ಪಿದ ಅಂದಾಜು ಹಾಗೇ ಉಳಿದಿರುತ್ತದೆ. ಹೆದರಿಕೆಯೂ ಹಾಗೇ ಉಳಿದಿರುತ್ತದೆ. ಮಕ್ಕಳು ಬದುಕುವುದೂ ಹೀಗೇ ಅಲ್ವಾ? ನಾಳೆಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ, ದೊಡ್ಡವರು ಹೇಳಿದ್ದಷ್ಟೇ ಗೊತ್ತು. ಅದಕ್ಕೇ ಡೈರಿ ಅವರಿಗೆ ಬೇಗ ತಾಗುತ್ತದೆ.

ನಾವು ಶುರು ಮಾಡಿದ್ದು ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್‌ನಿಂದ. ಆತ ಇಂಗ್ಲೆಂಡಿನ ನೌಕಾಪಡೆಯ ಕಚೇರಿಯಲ್ಲಿ ಅಧಿಕಾರಿ. 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಡೈರಿ ಬರೆದ. ಅದೂ ಶೀಘ್ರಲಿಪಿಯಲ್ಲಿ. ಪಾಠಪುಸ್ತಕದಲ್ಲಾದರೆ '1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿತ್ತು' ಅಂತ ಒಂದು ಸಾಲು ಇರುತ್ತದೆ. ಪೀಪ್ಸ್ ಡೈರಿಯಲ್ಲಿ ಸೆಪ್ಟೆಂಬರ್ 2, ಭಾನುವಾರ, ಬೆಳಗಿನ ಜಾವ ಮೂರು ಗಂಟೆಗೆ ಕೆಲಸದ ಹುಡುಗಿ ಬಂದು ಎಬ್ಬಿಸುತ್ತಾಳೆ. ದೂರದಲ್ಲಿ ಬೆಂಕಿ ಕಾಣುತ್ತಿದೆ ಅನ್ನುತ್ತಾಳೆ. ಇವನು ಎದ್ದು ಕಿಟಕಿಯಲ್ಲಿ ನೋಡುತ್ತಾನೆ. ದೂರ ಇದೆ ಬಿಡು ಅಂದುಕೊಂಡು ಮತ್ತೆ ಹೋಗಿ ಮಲಗುತ್ತಾನೆ!

ಇಲ್ಲಿಗೆ ನಾನು ಪುಸ್ತಕ ಮುಚ್ಚಿದೆ. ಮಗ ಬಿಡಲೇ ಇಲ್ಲ. "ಮಲಗಿಬಿಟ್ಟನಾ? ಊರೇ ಸುಡ್ತಾ ಇದೆ!" ಅಂತ ಕೂಗಿದ. ಊರೇ ಸುಡುತ್ತದೆ ಅಂತ ಅವನಿಗೆ ಗೊತ್ತು, ಪೀಪ್ಸ್‌ಗೆ ಗೊತ್ತಿಲ್ಲ. ಆ ವ್ಯತ್ಯಾಸ ಒಬ್ಬ ಎಂಟು ವರ್ಷದ ಹುಡುಗನಿಗೆ ಹೊಳೆಯಿತಲ್ಲ, ಅದಕ್ಕಿಂತ ದೊಡ್ಡ ಇತಿಹಾಸದ ಪಾಠ ಯಾವುದಿದೆ ಹೇಳು. ಅವತ್ತೇ ಬೆಳಗಾದ ಮೇಲೆ ಪೀಪ್ಸ್ ದೋಣಿಯಲ್ಲಿ ಹೋಗಿ ಬೆಂಕಿ ನೋಡುತ್ತಾನೆ. ಗೂಡು ಬಿಡಲು ಮನಸ್ಸಿಲ್ಲದ ಪಾರಿವಾಳಗಳು ಕಿಟಕಿಗಳ ಸುತ್ತ ಹಾರಾಡಿ, ರೆಕ್ಕೆ ಸುಟ್ಟುಕೊಂಡು ಕೆಳಗೆ ಬೀಳುವುದನ್ನು ಬರೆಯುತ್ತಾನೆ. ಅರಮನೆಗೆ ಹೋಗಿ, ಮನೆಗಳನ್ನು ಕೆಡವಿಸದಿದ್ದರೆ ಬೆಂಕಿ ನಿಲ್ಲುವುದಿಲ್ಲ ಅಂತ ರಾಜನಿಗೆ ಹೇಳುತ್ತಾನೆ. ಮುಂದಿನ ದಿನಗಳಲ್ಲಿ ತನ್ನ ಮನೆಯ ಸಾಮಾನು ಗಾಡಿಗೆ ಹೇರಿಸುತ್ತಾನೆ. ನೆಲದಲ್ಲಿ ಗುಂಡಿ ತೋಡಿ ವೈನ್ ಜೊತೆಗೆ ತನ್ನ ಪಾರ್ಮೆಸಾನ್ ಚೀಸನ್ನೂ ಹೂತಿಡುತ್ತಾನೆ. 13,200 ಮನೆಗಳು ಸುಟ್ಟುಹೋದ ಲೆಕ್ಕ ಮಕ್ಕಳಿಗೆ ನೆನಪಿರಲಿಕ್ಕಿಲ್ಲ. ಆ ಚೀಸ್ ಮಾತ್ರ ಮರೆಯುವುದಿಲ್ಲ. ನಮ್ಮ ಮನೆಗೆ ಬೆಂಕಿ ಬಿದ್ದರೆ ನಾವು ಏನು ಹೂತಿಡುತ್ತೇವೆ ಅಂತ ಒಂದು ಸಂಜೆಯಿಡೀ ಚರ್ಚೆ ನಡೆಯಿತು.

ಅದರ ಹಿಂದಿನ ವರ್ಷ, 1665ರಲ್ಲಿ, ಲಂಡನ್ನಿನಲ್ಲಿ ಪ್ಲೇಗ್. ವಾರ ವಾರ ಸತ್ತವರ ಪಟ್ಟಿ ಅಚ್ಚಾಗುತ್ತಿತ್ತು. ಪೀಪ್ಸ್ ಆ ಸಂಖ್ಯೆಗಳನ್ನು ಡೈರಿಗೆ ಇಳಿಸಿಕೊಳ್ಳುತ್ತಾನೆ. ಕೊರೊನಾ ಕಾಲದಲ್ಲಿ ನಾವೆಲ್ಲ ಸಂಜೆಯಾದರೆ ಟಿವಿ ಮುಂದೆ ಸಂಖ್ಯೆ ನೋಡುತ್ತಾ ಕೂರುತ್ತಿದ್ದದ್ದು ಮಗಳಿಗೆ ಮಸುಕಾಗಿ ನೆನಪಿದೆ. ಆ ದಿನಗಳ ಬಗ್ಗೆ ಅವಳು ತಾನಾಗಿ ಮಾತಾಡಿದ್ದು ಪೀಪ್ಸ್ ಓದಿದ ಮೇಲೆ.

ಒಂದು ಎಚ್ಚರಿಕೆ. ಪೀಪ್ಸ್‌ನ ಇಡೀ ಡೈರಿ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಯಾರೂ ಓದುವುದಿಲ್ಲ ಅಂತ ಬರೆದದ್ದು, ಹಾಗಾಗಿ ಬರೆಯಬಾರದ್ದೆಲ್ಲ ಅದರಲ್ಲಿದೆ. ನೀನು ಮೊದಲು ಓದಿ, ಪ್ಲೇಗು ಮತ್ತು ಬೆಂಕಿಯ ದಿನಗಳನ್ನು ಆರಿಸಿಕೊಂಡು, ಕನ್ನಡದಲ್ಲೇ ಹೇಳುತ್ತಾ ಹೋಗು. ಹಳೆಯ ಇಂಗ್ಲಿಷು ಅವರಿಗೆ ಕಷ್ಟ. ಆದರೆ ತಾರೀಖು ಬಿಡಬೇಡ. ದಿನಕ್ಕೆ ಒಂದೇ ತಾರೀಖು, ಮುಂದಿನ ಪುಟ ತಿರುಗಿಸುವಂತಿಲ್ಲ. ನಮ್ಮ ಮನೆಯಲ್ಲಿ ಇದೊಂದೇ ನಿಯಮ, ಅದನ್ನು ಬಿಗಿಯಾಗಿ ಪಾಲಿಸುತ್ತೇವೆ. ನಾಳೆ ತನಕ ಕಾಯಬೇಕು. ಬರೆದವನೂ ಕಾದಿದ್ದ ತಾನೇ?

ಎರಡನೆಯದಾಗಿ ನಾವು ಹಿಡಿದದ್ದು ದಕ್ಷಿಣ ಧ್ರುವದ ಡೈರಿಗಳು. ಒಂದು ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್‌ನದು, ಇನ್ನೊಂದು ನಾರ್ವೆಯ ಅಮುಂಡ್ಸೆನ್‌ನದು. ಧ್ರುವವನ್ನು ಮೊದಲು ಮುಟ್ಟಬೇಕು ಅಂತ ಪೈಪೋಟಿಗೆ ಬಿದ್ದ ಇಬ್ಬರು. ಇವನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು. ಗೋಡೆ ಮೇಲೆ ಅಂಟಾರ್ಕ್ಟಿಕಾದ ನಕ್ಷೆ ಅಂಟಿಸಿ, ಒಂದು ತಂಡಕ್ಕೆ ಕೆಂಪು ಪಿನ್ನು, ಒಂದು ತಂಡಕ್ಕೆ ನೀಲಿ ಪಿನ್ನು. 1911ರ ಡಿಸೆಂಬರ್ 14ಕ್ಕೆ ಅಮುಂಡ್ಸೆನ್ ಧ್ರುವ ಮುಟ್ಟುತ್ತಾನೆ. ಅವತ್ತು ಸ್ಕಾಟ್ ಇನ್ನೂ ಎಲ್ಲೋ ಹಿಮದಲ್ಲಿ ಸ್ಲೆಡ್ಜ್ ಎಳೆಯುತ್ತಿದ್ದಾನೆ, ಅವನಿಗೆ ಈ ಸುದ್ದಿ ಗೊತ್ತಿಲ್ಲ. ಒಂದು ತಿಂಗಳು ಹೀಗೇ ಎಳೆಯುತ್ತಾನೆ. 1912ರ ಜನವರಿ 16ಕ್ಕೆ ದೂರದಲ್ಲಿ ಅಮುಂಡ್ಸೆನ್ ತಂಡದವರು ನೆಟ್ಟ ಒಂದು ಕಪ್ಪು ಬಾವುಟ ಕಾಣುತ್ತದೆ. ಮಗಳು ಆ ಪುಟ ಓದಿದ ಮೇಲೆ ಪಿನ್ನು ಚುಚ್ಚಲಿಲ್ಲ. "ನಾಳೆ ಚುಚ್ತೀನಿ" ಅಂದಳು.

ವಾಪಸು ಬರುವ ದಾರಿಯ ಪುಟಗಳು ಇನ್ನೂ ಭಾರ. ಐದು ಜನ ಹೊರಟಿದ್ದರು. ಫೆಬ್ರವರಿಯಲ್ಲಿ ಎವನ್ಸ್ ಸಾಯುತ್ತಾನೆ. ಮಾರ್ಚ್ ಮಧ್ಯದಲ್ಲಿ ಓಟ್ಸ್ ಹಿಮಗಾಳಿಯಲ್ಲಿ ಟೆಂಟಿನಿಂದ ಎದ್ದು ಹೊರಗೆ ನಡೆದುಬಿಡುತ್ತಾನೆ, ತನ್ನಿಂದ ಉಳಿದವರಿಗೆ ತಡವಾಗಬಾರದು ಅಂತ. ಆ ಹೊತ್ತಿನ ಪುಟದಲ್ಲಿ ಸ್ಕಾಟ್ ತಾರೀಖನ್ನೇ ಸರಿಯಾಗಿ ಹಾಕುವುದಿಲ್ಲ. 16 ಇರಬೇಕು ಅಥವಾ 17 ಇರಬೇಕು, ಲೆಕ್ಕ ತಪ್ಪಿದೆ ಅನ್ನುತ್ತಾನೆ. ಅಷ್ಟು ದಿನ ತಾರೀಖು ತಾರೀಖು ಅಂತ ಓದುತ್ತಾ ಬಂದ ಮಕ್ಕಳಿಗೆ ಇದೊಂದೇ ಸಾಕು, ಆ ಮನುಷ್ಯ ಯಾವ ಸ್ಥಿತಿಯಲ್ಲಿದ್ದ ಅಂತ ತಿಳಿಯಲಿಕ್ಕೆ. ಕೊನೆಯ ಬರಹ ಮಾರ್ಚ್ 29ರದ್ದು. ಆಹಾರ ಇಟ್ಟಿದ್ದ ಜಾಗ ಅಲ್ಲಿಂದ, ಸ್ಕಾಟ್ ಲೆಕ್ಕದಲ್ಲಿ, ಬರೀ 11 ಮೈಲಿ ದೂರ. ಟೆಂಟು, ಡೈರಿ ಎಲ್ಲ ಸಿಕ್ಕಿದ್ದು ನವೆಂಬರ್ 12ಕ್ಕೆ.

ಸಣ್ಣವರಿಗೆ ಸಾವಿನ ಕಥೆ ಬೇಕಾ ಅಂತ ನೀನು ಕೇಳಬಹುದು. ನನ್ನ ಪ್ರಕಾರ ಎಂಟು ವರ್ಷದವರಿಗೆ ಧ್ರುವ ಮುಟ್ಟುವವರೆಗೆ ಸಾಕು. ಉಳಿದದ್ದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸು. ಅವರಿಗೆ ಬೇರೆ ಡೈರಿಗಳಿವೆ.

ಅದರಲ್ಲಿ ನನ್ನ ಮಗನ ಅಚ್ಚುಮೆಚ್ಚು ಗಿಲ್ಬರ್ಟ್ ವೈಟ್. ಇಂಗ್ಲೆಂಡಿನ ಸೆಲ್‌ಬೋರ್ನ್ ಅನ್ನುವ ಹಳ್ಳಿಯಲ್ಲಿದ್ದ ಪಾದ್ರಿ. 1768ರಿಂದ 1793ರಲ್ಲಿ ಸಾಯುವವರೆಗೆ ದಿನಾ ಬರೆದ. ಇವತ್ತು ಯಾವ ಹಕ್ಕಿ ಬಂತು, ಎಷ್ಟು ಮಳೆ ಬಿತ್ತು, ಸೌತೆಕಾಯಿ ಯಾವಾಗ ಬಿಟ್ಟಿತು, ಇಷ್ಟೇ ವಿಷಯ. 1780ರಲ್ಲಿ ಚಿಕ್ಕಮ್ಮನ ಮನೆಯಿಂದ ಒಂದು ಆಮೆಯನ್ನು ತಂದುಕೊಂಡ. ಅದರ ಹೆಸರು ತಿಮೊಥಿ. ಅದು ಯಾವ ದಿನ ಮಣ್ಣು ತೋಡಿಕೊಂಡು ಚಳಿಗಾಲದ ನಿದ್ದೆಗೆ ಇಳಿಯಿತು, ಯಾವ ದಿನ ಮೇಲೆದ್ದಿತು, ಎಷ್ಟು ತೂಗಿತು, ಎಲ್ಲ ಬರೆದಿದ್ದಾನೆ. ಅದಕ್ಕೆ ಕಿವಿ ಕೇಳುತ್ತದೋ ಇಲ್ಲವೋ ನೋಡಲು ಕಹಳೆ ಹಿಡಿದು ಅದರ ಹತ್ತಿರ ಕೂಗಿದ್ದಾನೆ. ಆಮೆ ಅಲ್ಲಾಡಲಿಲ್ಲ. ಅದು ಹೆಣ್ಣಾಮೆ ಅಂತ ತಿಳಿದದ್ದು ಅದು ಸತ್ತ ಮೇಲೆ. ವೈಟ್‌ಗೆ ಕೊನೆಗೂ ಗೊತ್ತಾಗಲಿಲ್ಲ.

ನಮ್ಮ ಹಕ್ಕಿ ತಜ್ಞ ಸಲೀಂ ಅಲಿ ಅವರನ್ನೂ ಇದರ ಜೊತೆಗೇ ಸೇರಿಸಿಕೋ. 1896ರಲ್ಲಿ ಹುಟ್ಟಿದವರು. ಹತ್ತರ ಆಸುಪಾಸಿನಲ್ಲಿದ್ದಾಗ ಮುಂಬಯಿಯ ಮನೆಯಲ್ಲಿ ಗುಬ್ಬಚ್ಚಿ ಗೂಡನ್ನು ನೋಡಿ ಟಿಪ್ಪಣಿ ಬರೆದಿಟ್ಟಿದ್ದರು. ಗೂಡಿನ ಹೊರಗೆ ಕಾವಲು ಕೂತ ಗಂಡು ಗುಬ್ಬಿಯನ್ನು ಏರ್‌ಗನ್ನಿನಿಂದ ಹೊಡೆದರು. ಒಳಗಿದ್ದ ಹೆಣ್ಣು ಸ್ವಲ್ಪ ಹೊತ್ತಿಗೇ ಇನ್ನೊಂದು ಗಂಡನ್ನು ಜೊತೆ ಮಾಡಿಕೊಂಡಿತು. ಅದನ್ನೂ ಹೊಡೆದರು. ಏಳು ದಿನದಲ್ಲಿ ಎಂಟು ಗಂಡು ಗುಬ್ಬಿ. ನನ್ನ ಮಗ ಸಿಟ್ಟಾದ. ಮಗಳು, "ಆದರೆ ಎಷ್ಟು ಸರಿಯಾಗಿ ನೋಡಿದ್ದಾರೆ ಅಲ್ವಾ" ಅಂದಳು. ಇಬ್ಬರೂ ಹೇಳಿದ್ದು ಸರಿ. ಬೇಟೆಗೆ ಹೋದ ಹುಡುಗ ಅದೇ ಕಣ್ಣಿನಿಂದ ಹಕ್ಕಿ ನೋಡುವುದನ್ನು ಕಲಿತ, ಮುಂದೆ ಇಡೀ ದೇಶಕ್ಕೆ ಹಕ್ಕಿ ಉಳಿಸುವುದನ್ನು ಹೇಳಿಕೊಟ್ಟ. ಆ ಟಿಪ್ಪಣಿ ಬರೆಯುವಾಗ ತಾನು ಏನಾಗುತ್ತೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ನಮ್ಮ ಮಕ್ಕಳಿಗೂ ಗೊತ್ತಿಲ್ಲ.

ಈಗ ನಿನಗೆ ನಿಜವಾಗಿ ಹೇಳಬೇಕು ಅಂತ ಇದ್ದದ್ದಕ್ಕೆ ಬರುತ್ತೇನೆ. ನಿಮ್ಮ ಅಪ್ಪಯ್ಯ ಇಟ್ಟಿರುವ ಮಳೆ ಲೆಕ್ಕದ ಡೈರಿಗಳು ಇನ್ನೂ ಅಟ್ಟದ ಮೇಲೆ ಇವೆಯಲ್ಲ? ಅವನ್ನು ಕೆಳಗಿಳಿಸು. ಬ್ಯಾಂಕಿನವರು, ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿಗಳಲ್ಲಿ ಅವರು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಪುನರ್ವಸು ಮಳೆ ಹೇಗೆ ಹೊಡೆಯಿತು, ಪುಷ್ಯ ಎಷ್ಟು ಸುರಿಯಿತು, ಇವತ್ತು ಎಷ್ಟು ಇಂಚು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಯಾವ ದಿನ ಬಂದ, ಯಾವ ದಿನ ಅಡಿಕೆಗೆ ಮದ್ದು ಹೊಡೆಯಿತು, ಮೈಲುತುತ್ತ ಎಷ್ಟು, ಸುಣ್ಣ ಎಷ್ಟು. ಎಮ್ಮೆ ಕರು ಹಾಕಿದ್ದು, ಮಗಳ ಮದುವೆ ಮಾತಿಗೆ ಯಾರೋ ಬಂದು ಹೋದದ್ದು, ಎಲ್ಲ ಒಂದೊಂದೇ ಸಾಲು. ನಮ್ಮ ಮಲೆನಾಡಿನಲ್ಲಿ ಇಂಥ ಡೈರಿ ಇಟ್ಟ ಹಿರಿಯರು ಎಷ್ಟೋ ಜನ. ಮನೆ ರಿಪೇರಿ ಮಾಡುವಾಗ ಅವು ರದ್ದಿಗೆ ಹೋಗುವುದನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ನಿಮ್ಮಲ್ಲಿ ಹಾಗಾಗಬಾರದು.

ಆ ಡೈರಿಗಳಲ್ಲಿ ನಿನ್ನ ಮಕ್ಕಳಿಗೆ ಒಂದು ವರ್ಷದ ಪಾಠ ಇದೆ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಲಿ. ತಿಂಗಳಿನ ಮಳೆ ಕೂಡಿಸಿ ಗ್ರಾಫ್ ಬರೆಯಲಿ. ಎರಡು ಬೇರೆ ಬೇರೆ ದಶಕದ ಜುಲೈ ತಿಂಗಳನ್ನು ಪಕ್ಕದಲ್ಲಿಟ್ಟು ನೋಡಲಿ. ಮಳೆ ಬಿಡದೆ ಹೊಡೆದರೆ ಮದ್ದು ಯಾಕೆ ನಿಲ್ಲುವುದಿಲ್ಲ, ಕೊಳೆರೋಗ ಯಾಕೆ ಜಾಸ್ತಿ ಆಗುತ್ತದೆ ಅಂತ ಅಜ್ಜನನ್ನೇ ಕೇಳಲಿ. ಅಜ್ಜನ ಕೈಬರಹ ಓದುವುದೇ ಒಂದು ವಿದ್ಯೆ, ನಿಧಾನವಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಇವತ್ತು ಕೊಳೆರೋಗ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಮದ್ದು ಹೊಡೆಯುವ ದಿನ ಗೊತ್ತು ಮಾಡಿದ ಒಬ್ಬ ಮನುಷ್ಯನನ್ನು ಅವರು ಅಲ್ಲಿ ಕಾಣುತ್ತಾರೆ. ಸ್ಕಾಟ್ ಮತ್ತು ಅಜ್ಜ ಇಬ್ಬರೂ ಒಂದೇ ತರಹದ ಪುಸ್ತಕ ಬರೆದವರು ಅಂತ ಅವರಿಗೆ ಅನ್ನಿಸಬೇಕು. ನನಗಂತೂ ಹಾಗೇ ಅನ್ನಿಸುತ್ತದೆ.

ನಿಮ್ಮ ಬೆಂಗಳೂರಿನ ಮನೆಯ ಗೋಡೆ ಕ್ಯಾಲೆಂಡರೂ ಒಂದು ಡೈರಿಯೇ. ಅತ್ತಿಗೆ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಕೆಲಸದವರು ರಜೆ ಹಾಕಿದ ದಿನ ಗುರುತು ಹಾಕುತ್ತಾರಲ್ಲ, ಹಳೆಯದನ್ನು ಎಸೆಯಬೇಡಿ. ಒಂದು ವರ್ಷದ ಕ್ಯಾಲೆಂಡರು ಕೊಟ್ಟು, ಈ ಮನೆಯಲ್ಲಿ ಆ ವರ್ಷ ಏನೇನು ನಡೆಯಿತು ಅಂತ ಪತ್ತೆ ಮಾಡಿ ಅನ್ನು. ಚಿಕ್ಕವರು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಇನ್ನೊಂದು, ಕಡತ. ಹಳೆಯ ಕಾಲದ ಲೆಕ್ಕದ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಮನೆಯಲ್ಲಿ ಒಂದು ಮಾಡಿ ನೋಡಿ. ಕೈಯೆಲ್ಲ ಕಪ್ಪಾಗುತ್ತದೆ, ಮಕ್ಕಳಿಗೆ ಅದೇ ಸಂತೋಷ.

ಊರಿನ ಮಾತು ಬಂತಲ್ಲ, ಬುಕಾನನ್‌ನ ಬಗ್ಗೆ ಹೇಳಲೇಬೇಕು. ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಏನು ಕೆಲಸ ಮಾಡುತ್ತಾರೆ ಅಂತ ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ಕಳಿಸಿದ. 1800ರ ಏಪ್ರಿಲ್ 23ಕ್ಕೆ ಮದ್ರಾಸಿನಿಂದ ಹೊರಟ. ಮೈಸೂರು ಸೀಮೆ, ಮಲಬಾರ್, ಕೆನರಾ ಎಲ್ಲ ಸುತ್ತಿದ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಇಡೀ ಪುಸ್ತಕ ತಾರೀಖಿನ ಪ್ರಕಾರವೇ ಇದೆ. ಇವತ್ತು ಇಲ್ಲಿಂದ ಹೊರಟೆ, ಇಷ್ಟು ದೂರ ಬಂದೆ, ಈ ಊರಿನಲ್ಲಿ ರಾಗಿ ಹೀಗೆ ಬಿತ್ತುತ್ತಾರೆ, ಇಲ್ಲಿ ಮಗ್ಗ ಇದೆ, ಇಲ್ಲಿ ಕಬ್ಬಿಣ ಕರಗಿಸುತ್ತಾರೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುತ್ತಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಅವನಿಂದ. ನಾವು ಚನ್ನಪಟ್ಟಣ ಅಂದರೆ ಗೊಂಬೆ ಅಂತ ಮಾತ್ರ ತಿಳಿದವರು.

1801ರಲ್ಲಿ ಅವನು ಘಟ್ಟ ಹತ್ತಿ ಸೋಂದೆ, ಬನವಾಸಿ, ಇಕ್ಕೇರಿ, ನಗರ ಅಂತ ನಮ್ಮ ಕಡೆಗೇ ಬಂದ. ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ ಎಲ್ಲ ನೋಡಿ ಬರೆದಿದ್ದಾನೆ. ನಿಮ್ಮ ಅಪ್ಪಯ್ಯನ ಡೈರಿ ಒಂದು ಕೈಯಲ್ಲಿ, ಅದಕ್ಕಿಂತ ತುಂಬಾ ಹಿಂದಿನ ಈ ಡೈರಿ ಇನ್ನೊಂದು ಕೈಯಲ್ಲಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ಶಾಲೆ ಕೊಡುತ್ತದೆ? ಆದರೆ ಇದನ್ನು ಓದುವಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಲೇಬೇಕು. ಇವನು ಇದನ್ನೆಲ್ಲ ಯಾರಿಗಾಗಿ ಬರೆಯುತ್ತಿದ್ದಾನೆ? ಅಜ್ಜ ಮಳೆ ಅಳೆದದ್ದು ತೋಟ ಉಳಿಸಿಕೊಳ್ಳಲು. ಬುಕಾನನ್ ಹೊಲ ಗದ್ದೆ ನೋಡಿದ್ದು ಕಂಪನಿಗೆ ವರದಿ ಕೊಡಲು. ಮಗಳು ಈಗ ಯಾವ ಡೈರಿ ಹಿಡಿದರೂ ಮೊದಲು ಈ ಪ್ರಶ್ನೆ ಕೇಳುತ್ತಾಳೆ. ಅದು ಅವಳಿಗೆ ಸಿಕ್ಕಿದ ದೊಡ್ಡ ಆಸ್ತಿ ಅಂತ ನನ್ನ ನಂಬಿಕೆ.

ಟಿಪ್ಪುವಿನದೇ ಒಂದು ಪುಸ್ತಕ ಇದೆ, ಗೊತ್ತಾ? ಕನಸುಗಳ ಪುಸ್ತಕ. ಪರ್ಷಿಯನ್ ಭಾಷೆಯಲ್ಲಿ, ಸ್ವಂತ ಕೈಬರಹದಲ್ಲಿ, 37 ಕನಸುಗಳನ್ನು ಬರೆದಿಟ್ಟಿದ್ದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಅವನ ಮಲಗುವ ಕೋಣೆಯಲ್ಲಿ ಸಿಕ್ಕಿತು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಕನಸಿನಲ್ಲಿ ಮೂರು ಬೆಳ್ಳಿ ತಟ್ಟೆಯ ತುಂಬ ತಾಜಾ ಖರ್ಜೂರ ಬರುತ್ತದೆ, ಇದು ತನ್ನ ಶತ್ರುಗಳ ರಾಜ್ಯ ಕೈಗೆ ಬರುವ ಸೂಚನೆ ಅಂತ ಅವನೇ ಅರ್ಥ ಹೇಳಿಕೊಳ್ಳುತ್ತಾನೆ. ಟಿಪ್ಪು ಬಗ್ಗೆ ಹೊರಗೆ ಎಷ್ಟು ಜಗಳ ಇದೆ ಅಂತ ನಿನಗೂ ಗೊತ್ತು. ಮಕ್ಕಳಿಗೆ ಅದು ಆಮೇಲೆ ಹೇಗೂ ತಲುಪುತ್ತದೆ. ಅದಕ್ಕೆ ಮುಂಚೆ, ನಾಳೆಯ ಬಗ್ಗೆ ಚಿಂತೆಯಿಂದ ಬೆಳಿಗ್ಗೆ ಎದ್ದು ಕನಸು ಬರೆದಿಡುವ ಒಬ್ಬ ಮನುಷ್ಯನನ್ನು ಅವರು ನೋಡಲಿ.

ಪುದುಚೇರಿಯ ಆನಂದರಂಗ ಪಿಳ್ಳೈ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರದು ದೊಡ್ಡವರ ವ್ಯವಹಾರ. ಫ್ರೆಂಚ್ ಗವರ್ನರ್ ಡ್ಯೂಪ್ಲೆಗೆ ದುಭಾಷಿಯಾಗಿದ್ದವರು. 1736ರಿಂದ ತಮಿಳಿನಲ್ಲಿ ಡೈರಿ ಬರೆದು 1761ರ ಜನವರಿಯಲ್ಲಿ ತೀರಿಕೊಂಡರು. ಅದೇ ತಿಂಗಳು ಪುದುಚೇರಿ ಇಂಗ್ಲಿಷರ ಪಾಲಾಯಿತು. ಡೈರಿ ಬರೆಯುವುದು ಬರೀ ಯುರೋಪಿನವರ ಅಭ್ಯಾಸ ಅಂತ ಮಕ್ಕಳಿಗೆ ಅನ್ನಿಸಬಾರದು, ಅದಕ್ಕಾಗಿ ಅವರ ಹೆಸರು ಹೇಳು. ಕುವೆಂಪು ಅವರೂ ಮೈಸೂರಿನ ವಿದ್ಯಾರ್ಥಿ ದಿನಗಳಲ್ಲಿ ಡೈರಿ ಬರೆದಿದ್ದರು. ಮುಂದೆ ಆತ್ಮಕಥೆ ಬರೆಯುವಾಗ ಆ ಹಳೆಯ ಪುಟಗಳನ್ನೇ ತೆಗೆದು ಸೇರಿಸಿದ್ದಾರೆ. ಹುಡುಗ ಬರೆದದ್ದು ಮತ್ತು ಹಿರಿಯರಾದ ಮೇಲೆ ಅದೇ ದಿನದ ಬಗ್ಗೆ ಹೇಳುವುದು ಎರಡೂ ಒಂದೇ ಕಡೆ ಸಿಗುತ್ತವೆ. ಮಗಳು ಇನ್ನೆರಡು ವರ್ಷಕ್ಕೆ ಅದನ್ನು ಓದಬಲ್ಲಳು.

ಆನ್ ಫ್ರಾಂಕ್‌ಳನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಎಲ್ಲರೂ ಅವಳಿಂದ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇರೆ ಡೈರಿಗಳನ್ನು ಓದಿ ಅಭ್ಯಾಸವಾದ ಮೇಲೆ ಅವಳ ಹತ್ತಿರ ಹೋಗಬೇಕು, ಅದೂ ಹನ್ನೆರಡು ಹದಿಮೂರು ತುಂಬಿದ ಮೇಲೆ. 1942ರ ಜೂನ್ 12ಕ್ಕೆ ಅವಳಿಗೆ ಹದಿಮೂರು ತುಂಬಿತು, ಅವತ್ತೇ ಡೈರಿ ಸಿಕ್ಕಿತು. ಜುಲೈ 6ಕ್ಕೆ ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ಟ್ ಬೀದಿಯ 263ನೇ ಕಟ್ಟಡದ ಹಿಂಭಾಗದಲ್ಲಿ ಈ ಯಹೂದಿ ಕುಟುಂಬ ನಾಜಿಗಳ ಕಣ್ಣು ತಪ್ಪಿಸಿ ಅಡಗಿಕೊಂಡಿತು. ಆಮೇಲೆ ಒಟ್ಟು ಎಂಟು ಜನ. ಅಮ್ಮನ ಮೇಲೆ ಸಿಟ್ಟು, ಆಲೂಗಡ್ಡೆ ಸುಲಿಯುವುದು, ಒಂದೇ ಕೋಣೆಯಲ್ಲಿ ಜಾಗಕ್ಕಾಗಿ ಜಗಳ. ಮಗಳು ಓದುತ್ತಾ ಓದುತ್ತಾ ಅವಳ ಪಕ್ಷ ವಹಿಸಿ ನಮ್ಮ ಜೊತೆ ವಾದ ಮಾಡುತ್ತಿದ್ದಳು.

ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವನ್ನು ಅವಳ ಗಮನಕ್ಕೆ ತಂದೆ. 1944ರ ಮಾರ್ಚ್ 28ಕ್ಕೆ ಲಂಡನ್ನಿನಿಂದ ಡಚ್ ಸರಕಾರದ ಮಂತ್ರಿ ಬೋಲ್ಕೆಸ್ಟೈನ್ ರೇಡಿಯೋದಲ್ಲಿ ಮಾತಾಡಿದರು. ಜನ ಬರೆದ ಡೈರಿ, ಪತ್ರಗಳನ್ನೆಲ್ಲ ಯುದ್ಧ ಮುಗಿದ ಮೇಲೆ ಒಟ್ಟು ಮಾಡಬೇಕು ಅಂದರು. ಆನ್ ಅದನ್ನು ಕೇಳಿಸಿಕೊಂಡಳು. ಮೇ ತಿಂಗಳಲ್ಲಿ ತನ್ನ ಡೈರಿಯನ್ನು ಮೊದಲಿನಿಂದ ಬಿಡಿ ಹಾಳೆಗಳ ಮೇಲೆ ತಿದ್ದಿ ಬರೆಯಲು ಕೂತಳು. ಕೆಲವು ಭಾಗ ಬಿಟ್ಟಳು, ಕೆಲವನ್ನು ಸೇರಿಸಿದಳು. ಅಂದರೆ ಹದಿನೈದು ತುಂಬುವ ಮೊದಲೇ ಅವಳು ಲೇಖಕಿಯ ಹಾಗೆ ಕೆಲಸ ಮಾಡುತ್ತಿದ್ದಳು. ತಿದ್ದಿ ಬರೆಯುವುದು ಅಂದರೆ ಶಿಕ್ಷೆ ಅಂತ ತಿಳಿದಿದ್ದ ನನ್ನ ಮಗಳಿಗೆ ಇದು ಬಹಳ ಹಿಡಿಸಿತು.

ಕೊನೆಯ ಪುಟ 1944ರ ಆಗಸ್ಟ್ 1ರದ್ದು. ಅದರಲ್ಲಿ ಕೊನೆ ಅನ್ನುವಂಥದ್ದು ಏನೂ ಇಲ್ಲ. ನಾಳೆ ಮತ್ತೆ ಬರೆಯುವವಳ ಹಾಗೇ ನಿಲ್ಲಿಸಿದ್ದಾಳೆ. ಆಗಸ್ಟ್ 4ಕ್ಕೆ ಅವರನ್ನು ಹಿಡಿದುಕೊಂಡು ಹೋದರು. 1945ರ ಆರಂಭದಲ್ಲಿ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವಳು ತೀರಿಕೊಂಡಳು. ಆ ಪುಟ ಮುಗಿದ ದಿನ ಬೇರೆ ಪಾಠ ಇಟ್ಟುಕೊಳ್ಳಬೇಡ. ಪಕ್ಕದಲ್ಲಿ ಕೂತಿರು. ಅಳುತ್ತಾರೆ, ಅಳಲಿ. ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟು ನಿಜವಾದ ಉತ್ತರ ಕೊಡು.

ಮೀಪ್ ಖೀಸ್ ಬಗ್ಗೆಯೂ ಹೇಳು. ಅಡಗಿದ್ದವರಿಗೆ ಊಟ, ಪುಸ್ತಕ ತಂದುಕೊಡುತ್ತಿದ್ದ ಹೆಂಗಸು. ನೆಲದ ಮೇಲೆ ಚೆಲ್ಲಾಡಿದ್ದ ಹಾಳೆಗಳನ್ನು ಆಯ್ದು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ಒಂದು ಸಾಲೂ ಓದಲಿಲ್ಲ. ಆನ್ ಇನ್ನಿಲ್ಲ ಅಂತ ಖಚಿತವಾದ ಮೇಲೆ ಅವಳ ಅಪ್ಪನ ಕೈಗೆ ಕೊಟ್ಟರು. ಓದಿದ್ದರೆ ಸುಟ್ಟುಹಾಕಬೇಕಾಗುತ್ತಿತ್ತು, ಸಹಾಯ ಮಾಡಿದವರ ಹೆಸರೆಲ್ಲ ಅದರಲ್ಲಿತ್ತು ಅಂತ ಅವರು ಆಮೇಲೆ ಹೇಳಿದ್ದಾರೆ. ಒಂದು ಹುಡುಗಿಯ ಗುಟ್ಟಿಗೆ ಒಬ್ಬರು ಕೊಟ್ಟ ಮರ್ಯಾದೆಯಿಂದ ಆ ಪುಸ್ತಕ ಜಗತ್ತಿಗೆ ಉಳಿಯಿತು.

ಇದನ್ನು ಹೇಳಿದ್ದು ನಿನ್ನ ಇನ್ನೊಂದು ಪ್ರಶ್ನೆಗೂ ಉತ್ತರ. ಮಕ್ಕಳ ಕೈಯಲ್ಲಿ ಡೈರಿ ಬರೆಸಬೇಕಾ, ನಾವು ಓದಿ ತಿದ್ದಬೇಕಾ ಅಂತ ಕೇಳಿದ್ದೆ. ಗಾಂಧೀಜಿ ತಮ್ಮ ಜೊತೆಗಿದ್ದ, ಮೊಮ್ಮಗಳ ವರಸೆಯ ಮನು ಅವರ ಡೈರಿಯನ್ನು ಓದಿ, ಕೆಳಗೆ ಬಾಪು ಅಂತ ಸಹಿ ಹಾಕುತ್ತಿದ್ದರು. ಅವರ ದಾರಿಗೆ ಅವರದೇ ಕಾರಣ ಇತ್ತು, ಅಲ್ಲಿ ಡೈರಿ ಅಂದರೆ ತನ್ನ ದಿನಕ್ಕೆ ತಾನು ಕೊಡುವ ಲೆಕ್ಕ. ನಾನು ಮೀಪ್ ಕಡೆಯವನು. ಪುಸ್ತಕ, ಪೆನ್ನು ತಂದುಕೊಡು. ಆಮೇಲೆ ಮುಟ್ಟಬೇಡ. ಬರೆ ಅಂತಲೂ ಹೇಳಬೇಡ. ಓದುತ್ತಾ ಓದುತ್ತಾ ತಾವೇ ಬರೆಯುತ್ತಾರೆ. ನನ್ನ ಮಗಳ ಪುಸ್ತಕ ಅವಳ ದಿಂಬಿನ ಕೆಳಗಿದೆ, ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಮಗನದು ಬೇರೆ. ಅವನು ತಿಮೊಥಿಯ ಹಾಗೆ ಬೀದಿ ನಾಯಿಯ ಡೈರಿ ಇಟ್ಟಿದ್ದಾನೆ, ಎಲ್ಲರಿಗೂ ಓದಿ ಹೇಳುತ್ತಾನೆ. ಒತ್ತಕ್ಷರ ತಪ್ಪಿರುತ್ತದೆ, ಮಧ್ಯೆ ಇಂಗ್ಲಿಷ್ ಬರುತ್ತದೆ. ಇರಲಿ. ಕಾಗುಣಿತಕ್ಕೆ ಬೇರೆ ಪುಸ್ತಕ ಇದೆ, ಅಲ್ಲಿ ತಿದ್ದಿದರಾಯಿತು.

ಈಗ ಅಂಗಡಿಯಲ್ಲಿ ಸಿಗುವ ಡೈರಿ ತರಹದ ಕಾದಂಬರಿಗಳೂ ಇವೆ, ವಿಂಪಿ ಕಿಡ್ ಸರಣಿಯ ಹಾಗೆ. ಮಕ್ಕಳು ಇಷ್ಟಪಟ್ಟು ಓದುತ್ತಾರೆ, ಓದಲಿ. ನಿಜವಾದ ಡೈರಿ ಓದಿದ ಮೇಲೆ, "ಇದು ಕಥೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಒಮ್ಮೆ ಕೇಳು. ಎಲ್ಲ ದಿನವೂ ಏನಾದರೊಂದು ನಡೆಯುತ್ತದಲ್ಲ, ನಿಜವಾದ ಡೈರಿಯಲ್ಲಿ ಏನೂ ನಡೆಯದ ದಿನಗಳೇ ಜಾಸ್ತಿ ಅಂತ ನನ್ನ ಮಗಳು ಥಟ್ಟನೆ ಹೇಳಿದಳು.

ಪೀಪ್ಸ್, ವೈಟ್, ಸ್ಕಾಟ್, ಬುಕಾನನ್ ಎಲ್ಲ ಹಳೆಯ ಪುಸ್ತಕಗಳು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಬುಕಾನನ್ ಊರಿನ ಹೆಸರುಗಳನ್ನು ತನ್ನ ಕಿವಿಗೆ ಕೇಳಿದ ಹಾಗೆ ಬರೆದಿದ್ದಾನೆ, ಹುಡುಕಲು ಸ್ವಲ್ಪ ತಾಳ್ಮೆ ಬೇಕು. ಮಕ್ಕಳಿಗೇ ಆ ಕೆಲಸ ಕೊಡು. ದಿನಕ್ಕೆ ಅರ್ಧ ಗಂಟೆ ಸಾಕು, ಬೆಳಗಿನ ತಿಂಡಿ ಆದ ತಕ್ಷಣ ಒಳ್ಳೆಯದು. ಪರೀಕ್ಷೆಯ ಚಿಂತೆ ಈಗಲೇ ಬೇಡ. ಮುಂದೆ ಎನ್‌ಐಒಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಪರೀಕ್ಷೆಗೆ ಕಟ್ಟಿಸುವುದು ಇದ್ದೇ ಇದೆ, ಅದಕ್ಕೆ ಬೇಕಾದ ಓದು ಬರಹ ಇದರಲ್ಲೇ ಗಟ್ಟಿಯಾಗುತ್ತದೆ.

ದೀಪಾವಳಿಗೆ ಊರಿಗೆ ಬರುತ್ತೀರಲ್ಲ, ಎರಡು ದಿನ ಜಾಸ್ತಿ ಇರುವ ಹಾಗೆ ಬನ್ನಿ. ಮಗಳು ಬುಕಾನನ್ ನಡೆದ ದಾರಿಯನ್ನು ನಕ್ಷೆಯ ಮೇಲೆ ಬರೆದಿದ್ದಾಳೆ. ಮಕ್ಕಳನ್ನೆಲ್ಲ ಕರೆದುಕೊಂಡು ಇಕ್ಕೇರಿಗೆ, ಆಗುವುದಾದರೆ ಬನವಾಸಿಗೂ ಹೋಗಿ ಬರೋಣ. ಅದಕ್ಕೆ ಮೊದಲು ಅಪ್ಪಯ್ಯನಿಗೆ ಫೋನ್ ಮಾಡಿ ಡೈರಿಗಳನ್ನು ಬಿಸಿಲಿಗೆ ಹಾಕಿಸು, ಈ ಮಳೆಗೆ ಬೂಸಲು ಹಿಡಿದಿರುತ್ತದೆ. ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ